ಹತ್ತೊಂಬತ್ತು ಹೆಜ್ಜೆ

ಕೊಂಡ ದಿನ ಅಡೆರಿತು ಹೊಸ್ತಿಲಿಳಿದು
ನೀರಿನಂಚಿನ ತನಕ ಎಣಿಸುತ್ತ ನಡೆದ:
ಅರವತ್ತೆರಡು.
ಗಾರೆ ಕೆಲಸದವನ ಹೆಜ್ಜೆ, ಅಳತೆ ತಪ್ಪದು.
ಲಿಯೋನಿನಲ್ಲಿ ಇಪ್ಪತ್ತಾರು ವರ್ಷ
ಯಾರ ಯಾರದೋ ಗೋಡೆ ಎಬ್ಬಿಸಿ ಉಳಿಸಿದ್ದನ್ನು
ನೋಟರಿಯ ಮೇಜಿನ ಮೇಲೆ ಇಟ್ಟು ಬಂದಿದ್ದ.
"ಜುಲ್ಮೀರಾ, ಇನ್ನು ಕಡಲು
ನಮ್ಮ ಹಿತ್ತಿಲು ಕಣೇ" ಅಂದ.

ಹೊಳೆಯಲ್ಲಿ ಉಪ್ಪು ತೊಳೆದ ಹಾಗೆ, ಅಂದಳು ಅತ್ತಿಗೆ.
ಅವೈರೊದ ಉಪ್ಪಿನ ಗದ್ದೆಯಲ್ಲಿ ಹುಟ್ಟಿದವಳು,
ಉಪ್ಪಿನ ಮಾತು ಅವಳಿಗೆ ಗೊತ್ತು.
ನಾವು ಕೇಳಲಿಲ್ಲ.

ಲೆಕ್ಕ ಸರಳ:
ಒಂಬತ್ತು ತಿಂಗಳು ನಾವು, ಮೂರು ತಿಂಗಳು ಬಾಡಿಗೆಯವರು.
ಜೂನ್ ಬಂತೆಂದರೆ ಮದುವೆ ಫೋಟೊ ಪೆಟ್ಟಿಗೆಗೆ,
ಮಾತೆ ಮರಿಯ ಬೀರುವಿನೊಳಕ್ಕೆ
(ಅತಿಥಿಗಳಿಗೆ ಬೋಳು ಗೋಡೆ ಇಷ್ಟವಂತೆ),
ನಾವು ಮೂವರೂ ಹಿಂದಿನ ದೋಣಿ ಕೊಟ್ಟಿಗೆಗೆ.
ಅಲ್ಲಿ ಮೂರು ಮಂಚ, ಒಂದು ಒಲೆ,
ಹಳೇ ಬಲೆಗಳ ಬಿಡದ ವಾಸನೆ.
ರಾತ್ರಿ ಹೊರಗೆ ಕೂತು ಬೂತಾಯಿ ಸುಟ್ಟು ತಿನ್ನುತ್ತ
ನಮ್ಮದೇ ಮನೆಯ ದೀಪ ನೋಡುತ್ತಿದ್ದೆವು,
ಅಲ್ಲಿರುವವರು ಎಂಥ ಪುಣ್ಯವಂತರು ಅಂದುಕೊಳ್ಳುತ್ತ.

ದುಡ್ಡು ಬಂತು, ಸುಳ್ಳು ಹೇಳಲಾರೆ.
ಚಾವಣಿಯ ಹೆಂಚಿಗೆ ಒಂದು ಆಗಸ್ಟು,
ಮಗನ ಕಾಲೇಜಿಗೆ ಮೂರು,
ಅಡೆರಿತುವಿನ ಶ್ವಾಸಕೋಶ ನಾಲ್ಕು ಬೇಸಿಗೆ ನುಂಗಿತು,
ಆಮೇಲೆ ಅವನನ್ನು.

ಶನಿವಾರ ಹತ್ತಕ್ಕೆ ಒಬ್ಬರು ಹೊರಗೆ,
ನಾಲ್ಕಕ್ಕೆ ಇನ್ನೊಬ್ಬರು ಒಳಗೆ.
ನಡುವಿನ ಆರು ತಾಸು
ನನ್ನ ಮನೆಗೆ ನಾನೇ ಕೆಲಸದವಳು.
ಹಾಸಿಗೆ ಕೊಡವಿದರೆ ಮರಳು,
ದಿಂಬಿನಡಿ ಯಾರದೋ ಕಿವಿಯೋಲೆ.
ಒಬ್ಬ ಬರೆದಿದ್ದ: ಎಲ್ಲ ಚೆನ್ನ,
ಅಲೆಗಳ ಸದ್ದು ಮಾತ್ರ ಜಾಸ್ತಿ, ನಾಲ್ಕೇ ನಕ್ಷತ್ರ.
ಉತ್ತರ ಕಳಿಸಿದೆ: ಕ್ಷಮಿಸಿ, ಹೇಳಿ ನೋಡುತ್ತೇನೆ.

ಪ್ರತಿ ಮೇ ತಿಂಗಳು ಮನೆಗೆಲ್ಲ ಸುಣ್ಣ,
ಅಡುಗೆಮನೆಯ ಬಾಗಿಲ ಚೌಕಟ್ಟು ಬಿಟ್ಟು.
ಅಲ್ಲಿ ಪೆನ್ಸಿಲಿನಲ್ಲಿ ನನ್ನ ಟೆಲ್ಮು:
ಏಳು ವರ್ಷ, ಒಂಬತ್ತು, ಹನ್ನೊಂದು,
ಹದಿನೇಳಕ್ಕೆ ನಿಂತ.
ಒಂದು ಸೆಪ್ಟೆಂಬರು ನೋಡಿದರೆ
ಪಕ್ಕದಲ್ಲೇ ನೀಲಿ ಶಾಯಿಯ ಗೀಟು: ಯೋರಿಸ್, ಆರು.
ಗೆಂಟ್ ಪಟ್ಟಣದಿಂದ ಬರುವವರ ಹುಡುಗ.
ಸಿಟ್ಟು ನೆತ್ತಿಗೇರಿತು. ಒದ್ದೆ ಬಟ್ಟೆ ತಂದೆ.
ಬಟ್ಟೆ ಕೈಯಲ್ಲೇ ಒಣಗಿತು.
ಮರುವರ್ಷ ಗೀಟು ಮೇಲೆ ಹತ್ತಿತು, ಅದರ ಮರುವರ್ಷ ಇನ್ನೂ.
ಹೋದ ಆಗಸ್ಟಿನಲ್ಲಿ ಟೆಲ್ಮುವನ್ನೂ ದಾಟಿತು.

ಜನವರಿಯ ಗಾಳಿ ಮರಳ ದಿಬ್ಬ ಕೊಂಡೊಯ್ದಿತು,
ಮರದ ಕಾಲುಹಾದಿಯನ್ನೂ, ಪಕ್ಕದವರ ಅಂಗಳವನ್ನೂ.
ಪುರಸಭೆಯವನು ಬಂದು ಗೋಡೆಗೆ
ಕೆಂಪು ಬಣ್ಣದಲ್ಲಿ ಒಂದು ಸಂಖ್ಯೆ ಬರೆದು ಹೋದ.
ಅದರ ಅರ್ಥ ಹೇಳಲಿಲ್ಲ, ನಾನೂ ಕೇಳಲಿಲ್ಲ.
"ಮಾರಿಬಿಡಮ್ಮ, ಕೊಳ್ಳುವವರು ಇರುವಾಗಲೇ,"
ಬ್ರೆಡ್ಡಿನ ವ್ಯಾನು ನಿಲ್ಲಿಸಿ ಟೆಲ್ಮು ಅಂದ.

ಕೊಳ್ಳುವವನು ಬಂದೇ ಬಂದ, ಮೇ ತಿಂಗಳಲ್ಲಿ,
ಕಡಲು ಹಾಲಿನ ಬಟ್ಟಲ ಹಾಗೆ ಕದಲದೆ ಕೂತಿದ್ದಾಗ.
ನಾರುಬಟ್ಟೆಯ ಅಂಗಿ, ಒಳ್ಳೆಯ ಮನುಷ್ಯ.
ವರ್ಷಕ್ಕೆ ಶೇಕಡಾ ಎಷ್ಟು ಹುಟ್ಟುತ್ತೆ ಅಂದ.
ಬನ್ನಿ ಎಂದು ಹೊಸ್ತಿಲಿಂದ ಇಳಿಸಿಕೊಂಡು
ಗಟ್ಟಿಯಾಗಿ ಎಣಿಸುತ್ತ ನಡೆದೆ.
ಹತ್ತೊಂಬತ್ತಕ್ಕೆ ಚಪ್ಪಲಿ ನೆನೆಯಿತು.
ಇದು ನನ್ನ ಹೆಜ್ಜೆ, ಅಂದೆ.
ನನ್ನ ಗಂಡನದಾದರೆ ಹದಿನೈದು.
ಅವನು ಮತ್ತೆ ಫೋನು ಮಾಡಲಿಲ್ಲ.
ಟೆಲ್ಮು ಎರಡು ವಾರ ಮಾತು ಬಿಟ್ಟ.

ನಿನ್ನೆ ಗೆಂಟಿನಿಂದ ಪತ್ರ:
ಎಂದಿನಂತೆ ಆಗಸ್ಟಿನ ಎರಡು ವಾರ ಸಿಗಬಹುದೆ?
ಬರೆದೆ: ಬನ್ನಿ. ಮುಂಗಡ ಬೇಡ.
ಜುಲೈಯಲ್ಲಿ ಇನ್ನೊಮ್ಮೆ ಎಣಿಸಿ ತಿಳಿಸುತ್ತೇನೆ.
ಯೋರಿಸ್‌ಗೆ ಹೇಳಿ, ಬರುವಾಗ
ಒಂದು ಒಳ್ಳೆಯ ಸ್ಕ್ರೂಡ್ರೈವರ್ ತರಲಿ.
ಅಡುಗೆಮನೆಯ ಚೌಕಟ್ಟು ಬಿಚ್ಚಬೇಕು,
ಮೇಲಿನ ಮೊಳೆ ನನಗೆ ಎಟಕುವುದಿಲ್ಲ.